ಹನ್ನೆರಡು ಗೆಣ್ಣಿನ ಲೆಕ್ಕ: ಜಾಝ್ ಕೇಳಿ ನಿಮ್ಮದೇ ಅಭಿಪ್ರಾಯ ಕಟ್ಟಿಕೊಳ್ಳುವ ಬಗೆ

ಜಾಝ್ ಬಗ್ಗೆ ಅಭಿಪ್ರಾಯಗಳಿಗೆ ಬರವಿಲ್ಲ. ಯಾರು ದೊಡ್ಡವರು, ಯಾವ ರೆಕಾರ್ಡ್ ಮೊದಲು ಕೇಳಬೇಕು ಎಂಬ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಆದರೂ ಪಟ್ಟಿ ಹಿಡಿದು ಕೂತ ಹೆಚ್ಚಿನವರು ಎರಡನೇ ವಾರಕ್ಕೇ ‘ಚೆನ್ನಾಗಿದೆ, ಆದರೆ ಏನು ನಡೀತಿದೆ ಅಂತ ಗೊತ್ತಾಗಲ್ಲ’ ಎಂದು ಕೈಬಿಡುತ್ತಾರೆ. ತಾಳ ತಿಳಿಯದೆ ತನಿ ಆವರ್ತನಕ್ಕೆ, ಅಂದರೆ ಕಛೇರಿಯಲ್ಲಿ ಮೃದಂಗದವರ ಸರದಿಗೆ, ಕೂತವರ ಸ್ಥಿತಿಯೂ ಇದೇ: ಕೈಚಳಕ ಕಾಣುತ್ತದೆ, ಮುಕ್ತಾಯ ತಾಳದ ಮೊದಲ ಬಡಿತವಾದ ಸಮಕ್ಕೆ ಬಂದು ಬಿದ್ದಾಗಿನ ಸುಖ ಸಿಗುವುದಿಲ್ಲ. ಜಾಝ್‌ಗೂ ಅಂಥದೊಂದು ಸುತ್ತು ಇದೆ. ಅದನ್ನು ಎಣಿಸಲು ಬಂದ ಮೇಲೆ ನುಡಿಸುವವರು ಎಲ್ಲಿ ಧೈರ್ಯ ಮಾಡಿದರು, ಎಲ್ಲಿ ಸುಮ್ಮನೆ ಜಾಗ ತುಂಬಿಸಿದರು ಎನ್ನುವುದು ತಾನಾಗಿ ಕೇಳಿಸತೊಡಗುತ್ತದೆ. ಈ ಲೇಖನದ ಬಹುಪಾಲು ಆ ಎಣಿಕೆಗೇ ಮೀಸಲು.

ಮೊದಲು ಸಲಕರಣೆ

ಮೊಬೈಲಿನ ಸ್ಪೀಕರಿನಲ್ಲಿ ಜಾಝ್ ಕಲಿಯಲು ಹೋಗಬೇಡಿ. ಈ ಸಂಗೀತದ ಬೆನ್ನೆಲುಬು ಡಬಲ್ ಬೇಸ್, ಅಂದರೆ ನೆಲಕ್ಕೂರಿ ನಿಂತು ಬೆರಳಿನಿಂದ ಮೀಟುವ ಆಳೆತ್ತರದ ತಂತಿವಾದ್ಯ. ಅದರ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಜ್‌ನಲ್ಲಿ ಕಂಪಿಸುತ್ತದೆ. ಮೊಬೈಲಿನ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗೆ ಇಳಿಯುವ ಶಕ್ತಿಯಿಲ್ಲ. ಬೇಸ್ ಕೇಳಿಸದಿದ್ದರೆ ಎಣಿಕೆ ತಪ್ಪುತ್ತದೆ, ಎಣಿಕೆ ತಪ್ಪಿದರೆ ಉಳಿಯುವುದು ತುತ್ತೂರಿಯ ಸದ್ದು ಮಾತ್ರ. ಸಾಧಾರಣ ವೈರಿನ ಇಯರ್‌ಫೋನ್ ಸಾಕು. ಎಡ-ಬಲ ಅದಲುಬದಲಾಗದಂತೆ ಹಾಕಿಕೊಳ್ಳಿ. ಇದು ಏಕೆ ಮುಖ್ಯ ಎಂದು ಮುಂದೆ ತಿಳಿಯುತ್ತದೆ.

ಆ್ಯಪ್‌ನಲ್ಲಿ ಮೂರು ಸೆಟ್ಟಿಂಗ್ ಆರಿಸಿಬಿಡಿ. ಶಫಲ್ ಇದ್ದರೆ ನಾಲ್ಕು ಭಾಗಗಳ ಒಂದೇ ಕೃತಿ ಚೆಲ್ಲಾಪಿಲ್ಲಿಯಾಗುತ್ತದೆ. ಕ್ರಾಸ್‌ಫೇಡ್ ಇದ್ದರೆ ಒಂದರ ಕೊನೆಯೂ ಇನ್ನೊಂದರ ಮೊದಲೂ ಕಲಸಿಹೋಗುತ್ತವೆ. ಬೇಸ್ ಬೂಸ್ಟ್ ಇದ್ದರೆ ಬೇಸ್ ಜೋರಾಗುವುದೇನೋ ನಿಜ, ಆದರೆ ಒಂದು ಸ್ವರಕ್ಕೂ ಮುಂದಿನದಕ್ಕೂ ನಡುವಿನ ಅಂಚು ಅಳಿಸಿ ಬರೀ ಗುಂಯ್‌ಗುಟ್ಟುವಿಕೆ ಉಳಿಯುತ್ತದೆ.

ಇನ್ನು ಇಸವಿಯ ವಿಷಯ. ಆ್ಯಪ್ ತೋರಿಸುವ ವರ್ಷ ಅನೇಕ ಸಲ ಮರುಬಿಡುಗಡೆಯದು. 1928ರ ಧ್ವನಿಮುದ್ರಣದ ಕೆಳಗೆ 2010ರ ಆಸುಪಾಸಿನ ಇಸವಿ ಕಂಡರೆ ಆಶ್ಚರ್ಯವಿಲ್ಲ. ಟ್ರಂಪೆಟ್ ವಾದಕ, ಗಾಯಕ ಲೂಯಿ ಆರ್ಮ್‌ಸ್ಟ್ರಾಂಗ್ ಅವರಂಥವರು ತಮ್ಮ ಹಳೆಯ ಹಾಡುಗಳನ್ನು ದಶಕಗಳ ನಂತರ ಮತ್ತೆ ರೆಕಾರ್ಡ್ ಮಾಡಿದ್ದಾರೆ. ಕೇಳುವ ಮೊದಲು ಧ್ವನಿಮುದ್ರಣದ ದಿನಾಂಕ ಮತ್ತು ನುಡಿಸಿದವರ ಹೆಸರು ಹುಡುಕಿ ಬರೆದಿಟ್ಟುಕೊಳ್ಳಿ. ಅಭಿಪ್ರಾಯದ ಮೊದಲ ಸಾಲು ಅದೇ.

ಹನ್ನೆರಡು ಬಾರ್, ಹನ್ನೆರಡು ಗೆಣ್ಣು

ನಾಲ್ಕು ಬಡಿತಗಳ ಒಂದು ಘಟಕಕ್ಕೆ ಬಾರ್ ಎನ್ನುತ್ತಾರೆ. ಬ್ಲೂಸ್ ಎಂಬ ರೂಪಕ್ಕೆ ಇಂಥ ಹನ್ನೆರಡು ಬಾರ್. ಒಟ್ಟು 48 ಬಡಿತ, ನಮ್ಮ ಲೆಕ್ಕದಲ್ಲಿ ಆದಿತಾಳದ ಆರು ಆವರ್ತನ. ಹನ್ನೆರಡು ಮುಗಿದ ಕೂಡಲೇ ಮತ್ತೆ ಒಂದರಿಂದ. ಈ ಒಂದು ಸುತ್ತಿಗೆ ಜಾಝ್‌ನವರು ಕೋರಸ್ ಎನ್ನುತ್ತಾರೆ. ಗುಂಪಾಗಿ ಹಾಡುವ ಕೋರಸ್‌ಗೂ ಇದಕ್ಕೂ ಸಂಬಂಧವಿಲ್ಲ.

ಎಣಿಸಲು ಅಜ್ಜಿಯಂದಿರು ಜಪಕ್ಕೆ ಬಳಸುವ ದಾರಿಗಿಂತ ಒಳ್ಳೆಯದಿಲ್ಲ. ಹೆಬ್ಬೆರಳನ್ನು ಬಿಟ್ಟರೆ ನಾಲ್ಕು ಬೆರಳು, ಒಂದೊಂದಕ್ಕೆ ಮೂರು ಗೆಣ್ಣು, ಒಟ್ಟು ಹನ್ನೆರಡು. ಆದರೆ ಬೆರಳಿನುದ್ದ ಇಳಿಯಬೇಡಿ, ಅಡ್ಡಕ್ಕೆ ಹೋಗಿ. ತೋರುಬೆರಳಿನ ತುದಿಯಿಂದ ಕಿರುಬೆರಳಿನ ತುದಿಯವರೆಗೆ 1ರಿಂದ 4. ನಡುಗೆಣ್ಣಿನ ಸಾಲು 5ರಿಂದ 8. ಬುಡದ ಸಾಲು 9ರಿಂದ 12. ಬ್ಲೂಸ್ ಹೆಣೆದಿರುವುದೇ ನಾಲ್ಕು-ನಾಲ್ಕು-ನಾಲ್ಕಾಗಿ. ಹಾಡಿನಲ್ಲಿ ಒಂದು ಸಾಲು ಹೇಳುತ್ತಾರೆ, ಅದನ್ನೇ ಮತ್ತೊಮ್ಮೆ ಹೇಳುತ್ತಾರೆ, ಮೂರನೆಯದರಲ್ಲಿ ಅದಕ್ಕೆ ಉತ್ತರ ಕೊಡುತ್ತಾರೆ. ಗೆಣ್ಣಿನ ಮೂರು ಸಾಲೇ ಪದ್ಯದ ಮೂರು ಸಾಲು.

ಈ ಸುತ್ತಿನೊಳಗೆ ನೆಲೆ ಬದಲಾಗುತ್ತದೆ. ಪಿಯಾನೋ ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ಒತ್ತಿ ಮೊಳಗಿಸುವ ಗುಚ್ಛವೇ ಕಾರ್ಡ್. ಮೊದಲ ಸಾಲಿನ ನಾಲ್ಕೂ ಗೆಣ್ಣು ಷಡ್ಜದ ಕಾರ್ಡ್ ಮೇಲೆ. ಎರಡನೇ ಸಾಲಿನ ಮೊದಲೆರಡು ಶುದ್ಧ ಮಧ್ಯಮಕ್ಕೆ ಏರುತ್ತವೆ, ಉಳಿದೆರಡು ಷಡ್ಜಕ್ಕೆ ಮರಳುತ್ತವೆ. ಮೂರನೇ ಸಾಲಿನಲ್ಲಿ ಪಂಚಮ ಒಂದು ಬಾರ್, ಮಧ್ಯಮ ಒಂದು ಬಾರ್, ಕೊನೆಯೆರಡು ಷಡ್ಜ. ಇದು ಮೂಲ ಅಚ್ಚು; ಒಬ್ಬೊಬ್ಬರು ಒಂದೊಂದು ರೀತಿ ತಿದ್ದಿಕೊಳ್ಳುತ್ತಾರೆ. ಎಲ್ಲವನ್ನೂ ಮೊದಲ ದಿನವೇ ಹಿಡಿಯಬೇಕಿಲ್ಲ. ಐದನೇ ಬಾರ್‌ನಲ್ಲಿ ಮಧ್ಯಮಕ್ಕೆ ಏರುವುದೊಂದನ್ನು ಗುರುತಿಸಿದರೆ ಸಾಕು. ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಸ-ಗ-ಪ ಒಟ್ಟಿಗೆ ಒತ್ತಿ, ಆಮೇಲೆ ಮ-ಧ-ಮೇಲಿನ ಸ ಒತ್ತಿ. ಮನೆಯೊಳಗಿನಿಂದ ಜಗುಲಿಗೆ ಬಂದಂಥ ಒಂದು ಬಿಡುವು ಕೇಳಿಸುತ್ತದಲ್ಲ, ಅದೇ.

ಬ್ಲೂಸ್‌ನ ಗಾಂಧಾರ ಮಾತ್ರ ಹಾರ್ಮೋನಿಯಂಗೆ ಸಿಗುವುದಿಲ್ಲ. ಅದು ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಓಲಾಡುತ್ತದೆ. ಹಾಡುವವರೂ ತುತ್ತೂರಿ ಊದುವವರೂ ಅದನ್ನು ಬಾಗಿಸಬಲ್ಲರು. ಪಿಯಾನೋದವರಿಗೆ ಆ ಅವಕಾಶವಿಲ್ಲದ್ದರಿಂದ ಎರಡು ಮನೆಗಳನ್ನೂ ಒಟ್ಟಿಗೆ ಒತ್ತಿಯೋ ಒಂದರಿಂದ ಇನ್ನೊಂದಕ್ಕೆ ಜಾರಿಯೋ ಕೆಲಸ ಸಾಧಿಸುತ್ತಾರೆ. ಗಮಕದಲ್ಲಿ ಪಳಗಿದ ಕಿವಿಗೆ ಇದು ಬೇಗ ಹತ್ತುತ್ತದೆ.

ಮೊದಲ ಅಭ್ಯಾಸ: ‘ಫ್ರೆಡ್ಡಿ ಫ್ರೀಲೋಡರ್’

ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಆಲ್ಬಮ್ಮಿನ ಎರಡನೇ ತುಣುಕು ಇದು. ಮುದ್ರಿಸಿದ್ದು 1959ರ ಮಾರ್ಚ್ 2ರಂದು, ನ್ಯೂಯಾರ್ಕ್‌ನಲ್ಲಿ ಕೊಲಂಬಿಯಾ ಕಂಪನಿಯ 30ನೇ ಬೀದಿಯ ಸ್ಟುಡಿಯೋದಲ್ಲಿ. ಈ ಆಲ್ಬಮ್ಮನ್ನು ಎಲ್ಲರೂ ಹೊಗಳುತ್ತಾರೆ. ಇಲ್ಲಿ ಇದನ್ನು ಆರಿಸಿದ್ದು ಆ ಕಾರಣಕ್ಕಲ್ಲ. ಇದರ ವೇಗ ನಿಧಾನ, ಬೇಸ್ ಸ್ಪಷ್ಟ, ಸುತ್ತು ನಿಚ್ಚಳ. ಎಣಿಕೆ ಕಲಿಯಲು ಇದಕ್ಕಿಂತ ಅನುಕೂಲವಾದ ಧ್ವನಿಮುದ್ರಣ ಸಿಗುವುದು ಕಷ್ಟ.

ಮೊದಲ ಸಲ ಬೇಸ್ ಒಂದನ್ನೇ ಕೇಳಿ. ಪಾಲ್ ಚೇಂಬರ್ಸ್ ಪ್ರತಿ ಬಡಿತಕ್ಕೆ ಒಂದರಂತೆ ಬಾರ್‌ಗೆ ನಾಲ್ಕು ಸ್ವರ ಹಾಕುತ್ತ ನಡೆಯುತ್ತಾರೆ. ಅವರ ಹೆಜ್ಜೆಗೆ ‘ಒಂದು-ಎರಡು-ಮೂರು-ನಾಲ್ಕು’ ಹೇಳಿಕೊಳ್ಳಿ. ನಾಲ್ಕು ಮುಗಿದಾಗ ಹೆಬ್ಬೆರಳು ಮುಂದಿನ ಗೆಣ್ಣಿಗೆ. ಒಂದು ಸುತ್ತಿಗೆ ಸುಮಾರು 22 ಸೆಕೆಂಡು ಹಿಡಿಯಬೇಕು. ಹನ್ನೊಂದೇ ಸೆಕೆಂಡಿಗೆ ಮುಗಿದರೆ ನೀವು ಎರಡನೇ ಕಾಲದಲ್ಲಿ ಎಣಿಸುತ್ತಿದ್ದೀರಿ, ಅರ್ಧಕ್ಕೆ ಇಳಿಸಿ. ಶುರುವಿನಲ್ಲಿ ಎಲ್ಲರೂ ಸೇರಿ ಮೂಲ ರಾಗವನ್ನು ಎರಡು ಸುತ್ತು ನುಡಿಸುತ್ತಾರೆ. ಇದಕ್ಕೆ ಹೆಡ್ ಎಂದು ಹೆಸರು. ಸುಮಾರು 45ನೇ ಸೆಕೆಂಡಿಗೆ ಪಿಯಾನೋದ ವಿಂಟನ್ ಕೆಲ್ಲಿ ಸೋಲೋ, ಅಂದರೆ ಅದೇ ಸುತ್ತಿನ ಮೇಲೆ ತಮ್ಮ ಸರದಿಯ ಮನೋಧರ್ಮದ ನುಡಿಸಾಟ, ಎತ್ತಿಕೊಳ್ಳುತ್ತಾರೆ. ಆ ಹೊತ್ತಿಗೆ ನಿಮ್ಮ ಹೆಬ್ಬೆರಳು ಮೂರನೇ ಬಾರಿಗೆ ತೋರುಬೆರಳಿನ ತುದಿಯಲ್ಲಿದ್ದರೆ ಎಣಿಕೆ ಸರಿ.

ಕೊನೆಯ ಎರಡು ಗೆಣ್ಣುಗಳಿಗೆ ವಿಶೇಷ ಗಮನ ಕೊಡಿ. ಸಾಮಾನ್ಯ ಬ್ಲೂಸ್ ಅಲ್ಲಿ ಷಡ್ಜಕ್ಕೆ ಮರಳುತ್ತದೆ. ಡೇವಿಸ್ ಇಲ್ಲಿ ಕೈಶಿಕಿ ನಿಷಾದದ ಮೇಲಿನ ಕಾರ್ಡ್ ಇಟ್ಟಿದ್ದಾರೆ. ಮನೆಗೆ ಬಂದವರು ಬಾಗಿಲಲ್ಲೇ ನಿಂತ ಹಾಗೆ ಸುತ್ತು ತೂಗಾಡುತ್ತದೆ, ಮುಂದಿನ ಒಂದನೇ ಬಾರ್‌ಗೆ ಬಂದಾಗಲೇ ಕೂರುತ್ತದೆ. ಕಲಿಯುವವರಿಗೆ ಇದೊಂದು ಉಪಕಾರ: ಪ್ರತಿ ಸುತ್ತಿನ ಕೊನೆಗೂ ಗಂಟೆ ಬಾರಿಸಿದಂತೆ ಗುರುತು ಸಿಗುತ್ತದೆ.

ಎಣಿಕೆ ತಪ್ಪುವುದು ಮೂರು ಕಡೆ. ಜಿಮ್ಮಿ ಕಾಬ್ ಡ್ರಮ್ಸ್‌ನಲ್ಲಿ ಒಂದು ಉರುಳಿಕೆ ಹಾಕಿದಾಗ ಕಿವಿ ಆ ಕಡೆ ಹೋಗಿ ಬೆರಳು ನಿಲ್ಲುತ್ತದೆ. ಸೋಲೋ ನುಡಿಸುವವರು ಬಾರ್‌ಗೆ ಮೊದಲೇ ಎತ್ತುಗಡೆ ಮಾಡಿದಾಗ, ಅದನ್ನೇ ಒಂದು ಎಂದುಕೊಂಡು ಲೆಕ್ಕ ಮುಂದೆ ಜಿಗಿಯುತ್ತದೆ. ತಾಳದ ಶುರುವಿಗೆ ಮುಂಚೆಯೋ ನಂತರವೋ ಎತ್ತಿಕೊಳ್ಳುವ ಅತೀತ-ಅನಾಗತ ಎಡುಪು ಗೊತ್ತಿದ್ದವರಿಗೂ ಮೊದಮೊದಲು ಇದು ಆಗುತ್ತದೆ. ಮೂರನೆಯದು, ಒಬ್ಬರ ಸೋಲೋ ಮುಗಿದು ಇನ್ನೊಬ್ಬರು ಬರುವಾಗ ಚಪ್ಪಾಳೆಗೆ ಕಾಯುವವರಂತೆ ನಾವು ಎಣಿಕೆ ನಿಲ್ಲಿಸಿಬಿಡುವುದು. ತಪ್ಪಿದರೆ ಹಿಂದಕ್ಕೆ ಓಡಿಸಬೇಡಿ. ಬೆರಳು ಬಿಟ್ಟು ಸುಮ್ಮನೆ ಕೇಳುತ್ತಿರಿ, ಮಧ್ಯಮಕ್ಕೆ ಏರಿದ್ದು ಕೇಳಿಸಿದ ಕ್ಷಣ ಹೆಬ್ಬೆರಳನ್ನು ತೋರುಬೆರಳಿನ ನಡುಗೆಣ್ಣಿಗೆ ಇಡಿ. ಐದನೇ ಬಾರ್ ಸಿಕ್ಕಿತು.

ಕೈತಾಳ ಹಾಕುವ ಆಸೆಯಾದರೆ ಒಂದು ಎಚ್ಚರಿಕೆ. ನಮ್ಮ ಕೈ ತಾನಾಗಿ ಒಂದರ ಮೇಲೆ ಬೀಳುತ್ತದೆ. ಜಾಝ್‌ನಲ್ಲಿ ಚಪ್ಪಾಳೆ ಎರಡು ಮತ್ತು ನಾಲ್ಕರ ಮೇಲೆ. ಡ್ರಮ್ಮರ್ ಎಡಗಾಲಿನಿಂದ ಒತ್ತಿ ಮುಚ್ಚುವ ಜೋಡಿ ತಾಳದ ‘ಚಿಕ್’ ಸದ್ದು ಬೀಳುವುದೂ ಅಲ್ಲೇ. ಬಲಗೈಯ ದೊಡ್ಡ ಸಿಂಬಲ್ ಮೇಲೆ ನಡೆಯುವ ‘ಡಿಂಗ್, ಡಿಂಗ್-ಡ-ಡಿಂಗ್’ ಗಮನಿಸಿ. ಒಂದು ಬಡಿತವನ್ನು ಸಮನಾಗಿ ಎರಡು ಮಾಡದೆ ಮೊದಲನೆಯದನ್ನು ಉದ್ದ, ಎರಡನೆಯದನ್ನು ಮೊಟಕು ಮಾಡುತ್ತಾರೆ. ಸ್ವಿಂಗ್ ಎನ್ನುವುದರ ಬೀಜ ಇಲ್ಲಿದೆ. ವೇಗ ಹೆಚ್ಚಿದಂತೆ ಈ ಉದ್ದ-ಮೊಟಕಿನ ವ್ಯತ್ಯಾಸ ಕಡಿಮೆಯಾಗುತ್ತದೆ, ಹಾಗಾಗಿ ಅದನ್ನು ನಿಧಾನದ ತುಣುಕಿನಲ್ಲೇ ಕಲಿಯಬೇಕು.

ಎರಡನೇ, ಮೂರನೇ ಸಲ ಕೇಳುವಾಗ ಎಣಿಕೆ ಕೈಗೆ ಬಿಟ್ಟು ಸೋಲೋಗಳಿಗೆ ಕಿವಿ ಕೊಡಿ. ಕೆಲ್ಲಿ, ಡೇವಿಸ್, ಜಾನ್ ಕೋಲ್ಟ್ರೇನ್, ಕ್ಯಾನನ್‌ಬಾಲ್ ಆಡರ್ಲಿ, ಕೊನೆಗೆ ಚೇಂಬರ್ಸ್. ಕೋಲ್ಟ್ರೇನ್ ಅವರ ಟೆನರ್ ಸ್ಯಾಕ್ಸ್ (ತಗ್ಗು ದನಿಯ ಸ್ಯಾಕ್ಸೋಫೋನ್) ಎಡಗಿವಿಯಲ್ಲಿ, ಆಡರ್ಲಿ ಅವರ ಆಲ್ಟೋ ಸ್ಯಾಕ್ಸ್ (ಅದಕ್ಕಿಂತ ಮೇಲಿನ ದನಿಯದು) ಬಲಗಿವಿಯಲ್ಲಿ, ಡೇವಿಸ್ ನಡುವೆ. ಇಯರ್‌ಫೋನಿನ ಎಡ-ಬಲ ಸರಿಯಿರಲಿ ಎಂದದ್ದು ಇದಕ್ಕೇ. ಕೆಲ್ಲಿಯವರ ಸೋಲೋ ಇಡೀ ಆಲ್ಬಮ್ಮಿನಲ್ಲಿ ಅತಿ ಕಡಿಮೆ ಚರ್ಚೆಗೆ ಬಂದ ಒಳ್ಳೆಯ ಭಾಗ. ಈ ಆಲ್ಬಮ್ಮಿನ ಬೇರೆಲ್ಲ ತುಣುಕಿಗೂ ಪಿಯಾನೋ ಬಿಲ್ ಇವಾನ್ಸ್ ಅವರದು, ಇದೊಂದಕ್ಕೆ ಮಾತ್ರ ಕೆಲ್ಲಿ. ಅವರ ಬೆರಳಿನಲ್ಲಿ ಬ್ಲೂಸ್ ಮಾತಾಡಿದ ಹಾಗೆ ಬರುತ್ತದೆ: ಒಂದು ಪುಟ್ಟ ಮಾತು, ಒಂದು ವಿರಾಮ, ಅದಕ್ಕೆ ಒಪ್ಪುವ ಇನ್ನೊಂದು ಮಾತು. ಡೇವಿಸ್ ಹನ್ನೆರಡು ಬಾರ್‌ನಲ್ಲಿ ಎಷ್ಟು ಗೆಣ್ಣುಗಳನ್ನು ಖಾಲಿ ಬಿಡುತ್ತಾರೆಂದು ಎಣಿಸಿ. ಆಮೇಲೆ ಕೋಲ್ಟ್ರೇನ್ ಎಷ್ಟು ಖಾಲಿ ಬಿಟ್ಟರೆಂದು ನೋಡಿ. ‘ಡೇವಿಸ್ ಮಿತಭಾಷಿ’ ಎಂಬ ಸವಕಲು ಮಾತನ್ನು ಯಾರೋ ಹೇಳಿದ್ದಕ್ಕೆ ನಂಬಬೇಕಿಲ್ಲ, ನಿಮ್ಮ ಬೆರಳೇ ಸಾಕ್ಷಿ ಹೇಳುತ್ತದೆ.

ಹಾರ್ಮೋನಿಯಂ ಅಥವಾ ಕೊಳಲು ಸೇರಿಸಿ ನೋಡುವವರಿಗೆ ಒಂದು ವಿಷಯ. ಮಾರ್ಚ್ 2ರಂದು ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡಿತ್ತು. ಅದನ್ನು ಸರಿವೇಗದಲ್ಲಿ ನುಡಿಸಿದಾಗ ಆಲ್ಬಮ್ಮಿನ ಮೊದಲ ಮೂರು ತುಣುಕುಗಳ ಶ್ರುತಿ ತುಸು ಮೇಲೇರಿ, ದಶಕಗಟ್ಟಲೆ ಹಾಗೆಯೇ ಮಾರಾಟವಾಯಿತು. ತಿದ್ದಿದ್ದು 1990ರ ದಶಕದ ಮರುಮುದ್ರಣಗಳಲ್ಲಿ. ಹಳೆಯ ಎಲ್‌ಪಿ ಇಟ್ಟುಕೊಂಡವರಿಗೆ ಮೊದಲ ಬದಿಯ ಶ್ರುತಿ ಹೊಂದುವುದಿಲ್ಲ, ಎರಡನೇ ಬದಿಯದು ಹೊಂದುತ್ತದೆ. ವಾದ್ಯವನ್ನು ದೂರಬೇಡಿ.

ಮೂವತ್ತೆರಡು ಬಾರ್

ಬ್ಲೂಸ್ ಬಿಟ್ಟರೆ ಅತಿ ಹೆಚ್ಚು ಸಿಗುವ ರೂಪ 32 ಬಾರ್‌ಗಳದು. ಎಂಟು ಬಾರ್‌ನ ಒಂದು ಭಾಗ, ಅದೇ ಮತ್ತೊಮ್ಮೆ, ಬೇರೆ ಬಣ್ಣದ ಎಂಟು ಬಾರ್, ಮತ್ತೆ ಮೊದಲಿನದು. ತೋರುಬೆರಳು, ನಡುಬೆರಳು ಮೊದಲಿನ ಎರಡಕ್ಕೆ, ಉಂಗುರದ ಬೆರಳು ಆ ಬೇರೆಯದಕ್ಕೆ, ಅದಕ್ಕೆ ಬ್ರಿಜ್ ಎನ್ನುತ್ತಾರೆ, ಕಿರುಬೆರಳು ಮರಳುವಿಕೆಗೆ.

‘ಕೈಂಡ್ ಆಫ್ ಬ್ಲೂ’ವಿನ ಮೊದಲ ತುಣುಕು ‘ಸೋ ವಾಟ್’ ಇದಕ್ಕೆ ಸರಿಯಾದ ಪಾಠ. ಸುಮಾರು ಅರ್ಧ ನಿಮಿಷದ ತಾಳವಿಲ್ಲದ ಪೀಠಿಕೆ ಮುಗಿದ ಮೇಲೆ ಬೇಸ್ ಒಂದು ಮಾತು ಕೇಳುತ್ತದೆ, ಉಳಿದವರು ಎರಡು ಕಾರ್ಡ್‌ಗಳಲ್ಲಿ ಉತ್ತರ ಕೊಡುತ್ತಾರೆ. ಕರ್ನಾಟಕ ಸಂಗೀತ ಬಲ್ಲವರಿಗೆ ಇಲ್ಲಿನ ರಚನೆ ಬಹಳ ಸುಲಭ. ಮೊದಲ 16 ಬಾರ್ ಒಂದು ಶ್ರುತಿಯಲ್ಲಿ ಖರಹರಪ್ರಿಯದ ಸ್ವರಗಳು. ಬ್ರಿಜ್‌ನಲ್ಲಿ ಅದೇ ಖರಹರಪ್ರಿಯ, ಷಡ್ಜ ಮಾತ್ರ ಅರ್ಧ ಮನೆ ಮೇಲೆ. ಎಂಟು ಬಾರ್ ಆದಮೇಲೆ ಮತ್ತೆ ಕೆಳಗೆ. ಗ್ರಹಭೇದದಲ್ಲಿ ಸ್ವರಗಳು ಅವೇ ಇದ್ದು ಆಧಾರ ಬದಲಾಗುತ್ತದೆ. ಇಲ್ಲಿ ಇಡೀ ಮೇಳವೇ ಎದ್ದು ಪಕ್ಕಕ್ಕೆ ಸರಿಯುತ್ತದೆ. ತಂಬೂರಿ ಆ್ಯಪ್ ಹಾಕಿಕೊಂಡು ಕೇಳಿದರೆ ಬ್ರಿಜ್ ಬಂದ ಕೂಡಲೇ ಕಿವಿಗೆ ಕಲ್ಲು ಸಿಕ್ಕಂತಾಗುತ್ತದೆ, ಆರಿಸಿಬಿಡಿ.

ಇದರ ನಂತರ ಟೆನರ್ ಸ್ಯಾಕ್ಸ್ ವಾದಕ ಕೋಲ್ಮನ್ ಹಾಕಿನ್ಸ್ 1939ರ ಅಕ್ಟೋಬರ್ 11ರಂದು ಮುದ್ರಿಸಿದ ‘ಬಾಡಿ ಆ್ಯಂಡ್ ಸೋಲ್’ ಕೇಳಿ. 32 ಬಾರ್‌ಗಳ ಎರಡೇ ಸುತ್ತು. ಮೊದಲ ಕೆಲವು ಬಾರ್ ಮೂಲ ರಾಗದ ನೆರಳಿದೆ, ಆಮೇಲೆ ಹಾಕಿನ್ಸ್ ಅದನ್ನು ಕೈಬಿಟ್ಟು ಕಾರ್ಡ್‌ಗಳ ಮೇಲೆ ತನ್ನದೇ ದಾರಿ ಕಟ್ಟುತ್ತಾರೆ. ಹಾಡು ಗೊತ್ತಿಲ್ಲದಿದ್ದರೆ ಇದರ ಸಾಹಸ ಅರ್ಧವೂ ತಿಳಿಯದು. ಯಾರಾದರೂ ಹಾಡಿದ ಸಾದಾ ಪಾಠವನ್ನು ಮೊದಲು ಎರಡು ಸಲ ಕೇಳಿ, ಗುನುಗುವಷ್ಟು ಬಂದಮೇಲೆ ಹಾಕಿನ್ಸ್ ಹಾಕಿ, ಮನಸ್ಸಿನಲ್ಲಿ ಮೂಲ ಹಾಡನ್ನು ಹಾಡಿಕೊಳ್ಳುತ್ತ ಇದನ್ನು ಕೇಳಿ. ಸಾಹಿತ್ಯ ಗೊತ್ತಿರುವ ಕೀರ್ತನೆಗೆ ನೆರವಲ್, ಅಂದರೆ ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸುವುದನ್ನು, ಕೇಳುವುದಕ್ಕೂ ಗೊತ್ತಿಲ್ಲದ್ದಕ್ಕೆ ಕೇಳುವುದಕ್ಕೂ ಇರುವಷ್ಟೇ ವ್ಯತ್ಯಾಸ.

ಹಿಂದಕ್ಕೆ ಹೋಗುವುದು

ಬೇರು ಹುಡುಕುವವರು ‘ಮೊದಲ ಜಾಝ್ ರೆಕಾರ್ಡ್’ನಿಂದ ಶುರುಮಾಡಿ ದಾರಿ ತಪ್ಪುತ್ತಾರೆ. 1917ರ ಫೆಬ್ರವರಿ 26ರಂದು ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡ್ ಮುದ್ರಿಸಿದ ತಟ್ಟೆ ಆ ಬಿರುದು ಹೊತ್ತಿದೆ. ನುಡಿಸಿದವರು ಬಿಳಿಯರು, ಅದರಲ್ಲಿ ವಾದ್ಯಗಳಿಂದ ಕೋಳಿ-ಕುದುರೆಗಳ ಕೂಗಿನ ಅನುಕರಣೆಯೇ ದೊಡ್ಡ ಆಕರ್ಷಣೆ. ಜಾಝ್ ಹುಟ್ಟಿದ್ದು ಅದಕ್ಕೆ ಎಷ್ಟೋ ಮುಂಚೆ, ನ್ಯೂ ಆರ್ಲಿಯನ್ಸ್‌ನ ಕಪ್ಪು ಜನರ ನಡುವೆ. ಅಲ್ಲಿ ಮನೆಮಾತಾಗಿದ್ದ ಕಾರ್ನೆಟ್ (ಟ್ರಂಪೆಟ್‌ನಂಥ ಗಿಡ್ಡ ತುತ್ತೂರಿ) ವಾದಕ ಬಡ್ಡಿ ಬೋಲ್ಡನ್ ಅವರ ಒಂದೇ ಒಂದು ಧ್ವನಿಮುದ್ರಣವೂ ಉಳಿದಿಲ್ಲ. ಆದ್ದರಿಂದ 1923ರಿಂದ ಹೊರಡಿ: ಕಿಂಗ್ ಆಲಿವರ್ ಅವರ ಕ್ರಿಯೋಲ್ ಜಾಝ್ ಬ್ಯಾಂಡ್ ಇಂಡಿಯಾನಾದ ರಿಚ್ಮಂಡ್‌ನಲ್ಲಿ ಜೆನೆಟ್ ಕಂಪನಿಗೆ ನುಡಿಸಿದ ‘ಡಿಪ್ಪರ್ ಮೌತ್ ಬ್ಲೂಸ್’. ಎರಡನೇ ಕಾರ್ನೆಟ್ ಹಿಡಿದವರು ಯುವಕ ಆರ್ಮ್‌ಸ್ಟ್ರಾಂಗ್.

ಆ ಕಾಲದ ಮುದ್ರಣ ಕೇಳುವಾಗ ಸದ್ದಿನ ಬಗ್ಗೆ ತೀರ್ಪು ಕೊಡುವ ಮುನ್ನ ಯಂತ್ರದ ಕಥೆ ತಿಳಿದಿರಲಿ. 1925ರವರೆಗೆ ಮೈಕ್ ಇರಲಿಲ್ಲ. ಎಲ್ಲರೂ ಒಂದು ದೊಡ್ಡ ಕೊಳವೆಯ ಬಾಯಿಗೆ ನುಡಿಸಬೇಕು. ಆ ಕಂಪನವೇ ಸೂಜಿಯನ್ನು ಅಲುಗಿಸಿ ಮೇಣದಲ್ಲಿ ಗೆರೆ ಕೊರೆಯಬೇಕು. ದೊಡ್ಡ ಡ್ರಮ್ ಬಾರಿಸಿದರೆ ಸೂಜಿ ಹಾರುವ ಭಯ, ಹಾಗಾಗಿ ಡ್ರಮ್ಮರ್ ಮರದ ತುಂಡುಗಳನ್ನು ತಟ್ಟಿ ತೃಪ್ತಿಪಡಬೇಕಿತ್ತು. ‘ಆಗಿನ ಡ್ರಮ್ಸ್ ಪೇಲವ’ ಎನ್ನುವುದು ಯಂತ್ರದ ಮೇಲಿನ ಅಭಿಪ್ರಾಯವಾದೀತು, ವಾದಕರ ಮೇಲಿನದಾಗದು. ನಿಮಿಷಕ್ಕೆ 78 ಸಲ ತಿರುಗುವ ಹತ್ತಂಗುಲದ ತಟ್ಟೆಯಲ್ಲಿ ಮೂರು ನಿಮಿಷದ ಆಸುಪಾಸು ಜಾಗ. ಉದ್ದನೆಯ ಸೋಲೋಗಳು ತಟ್ಟೆಗೆ ಬಂದದ್ದು 1948ರಲ್ಲಿ ಎಲ್‌ಪಿ ಬಂದ ಮೇಲೆ.

ಆ ಮೂರು ನಿಮಿಷದಲ್ಲಿ ಏನು ಸಾಧ್ಯ ಎಂಬುದಕ್ಕೆ ಆರ್ಮ್‌ಸ್ಟ್ರಾಂಗ್ ಅವರ ‘ವೆಸ್ಟ್ ಎಂಡ್ ಬ್ಲೂಸ್’ ಸಾಕು. 1928ರ ಜೂನ್ 28, ಶಿಕಾಗೊ. ಹತ್ತು ಹನ್ನೆರಡು ಸೆಕೆಂಡಿನ ಒಂಟಿ ಟ್ರಂಪೆಟ್ ಪೀಠಿಕೆಗೆ ಎಣಿಕೆ ಬೇಡ. ಬ್ಯಾಂಡ್ ಸೇರಿದಾಗ ಮೊದಲ ಗೆಣ್ಣಿನಿಂದ ಶುರುಮಾಡಿ. ಒಂದು ಸುತ್ತು ಎಲ್ಲರದು, ಒಂದು ಟ್ರಾಂಬೋನ್, ಒಂದು ಕ್ಲಾರಿನೆಟ್ ಜೊತೆ ಆರ್ಮ್‌ಸ್ಟ್ರಾಂಗ್ ಅವರ ಪದವಿಲ್ಲದ ಹಾಡು, ಒಂದು ಅರ್ಲ್ ಹೈನ್ಸ್ ಪಿಯಾನೋ. ಐದನೇ ಸುತ್ತಿನಲ್ಲಿ ಆರ್ಮ್‌ಸ್ಟ್ರಾಂಗ್ ಒಂದೇ ಮೇಲ್‌ಸ್ವರ ಹಿಡಿದು ನಿಲ್ಲುತ್ತಾರೆ. ಹೆಬ್ಬೆರಳು ಮೊದಲ ಸಾಲಿನ ನಾಲ್ಕು ಗೆಣ್ಣು ದಾಟುವಷ್ಟು ಹೊತ್ತು ಆ ಸ್ವರ ಅಲುಗುವುದಿಲ್ಲ. ಎಲ್ಲರೂ ಪೀಠಿಕೆಯನ್ನು ಕೊಂಡಾಡುತ್ತಾರೆ. ಈ ನಿಂತ ಸ್ವರ ಅದಕ್ಕಿಂತ ಒಂದು ತೂಕ ಹೆಚ್ಚು. ಕೆಳಗೆ ಸುತ್ತು ಉರುಳುತ್ತಿರುವಾಗ ಮೇಲೆ ಸ್ಥಿರವಾಗಿ ನಿಲ್ಲುವುದರಲ್ಲೇ ಅದರ ಬಲ, ಮತ್ತು ಆ ಬಲ ಎಣಿಸುತ್ತಿರುವವರಿಗೆ ಮಾತ್ರ ಪೂರ್ತಿ ತಾಗುತ್ತದೆ.

ಬೇರುಗಳನ್ನು ಒಂದೊಂದು ಧ್ವನಿಯಾಗಿ ಗುರುತಿಸಿಕೊಳ್ಳಿ. ಒಬ್ಬರು ಹೇಳಿ ಗುಂಪು ಉತ್ತರಿಸುವುದು ಹೊಲದ ಕೆಲಸದ ಹಾಡುಗಳಿಂದಲೂ ಕಪ್ಪು ಜನರ ಚರ್ಚಿನಿಂದಲೂ ಬಂದದ್ದು. ‘ಸೋ ವಾಟ್’ನ ಬೇಸ್ ಮತ್ತು ಉತ್ತರ ಅದೇ. ಬೀದಿ ಮೆರವಣಿಗೆಯ ಹಿತ್ತಾಳೆ ವಾದ್ಯಗಳು ಇನ್ನೊಂದು. ಗುಲಾಮರು ಭಾನುವಾರ ಸೇರಿ ಡೋಲು ಬಾರಿಸಿ ಕುಣಿಯುತ್ತಿದ್ದ ನ್ಯೂ ಆರ್ಲಿಯನ್ಸ್‌ನ ಕಾಂಗೋ ಸ್ಕ್ವೇರ್ ಮತ್ತೊಂದು. ದಕ್ಷಿಣ ಕೆರೊಲಿನಾದಲ್ಲಿ 1739ರ ಗುಲಾಮರ ಬಂಡಾಯದ ನಂತರ ಅವರು ಡೋಲು ಇಟ್ಟುಕೊಳ್ಳುವುದನ್ನೇ ಕಾನೂನು ನಿಷೇಧಿಸಿತ್ತು. ಹಾಗಿರುವಾಗ ಆ ಚೌಕದಲ್ಲಿ ಡೋಲು ಉಳಿದದ್ದು ಸಣ್ಣ ಸಂಗತಿಯಲ್ಲ. ಕೆರಿಬಿಯನ್ ದ್ವೀಪಗಳ ಲಯ ಬೇಕೆಂದರೆ ಟೆನರ್ ಸ್ಯಾಕ್ಸ್‌ನ ಸೋನಿ ರೋಲಿನ್ಸ್ ಅವರ 1956ರ ‘ಸೇಂಟ್ ಥಾಮಸ್’ ಕೇಳಿ. ಅದರ ಸುತ್ತು 16 ಬಾರ್.

ಈ ಸಂಗೀತವನ್ನು ಹೋಟೆಲ್ ಲಾಬಿಯ ಹಿತವಾದ ಹಿನ್ನೆಲೆ ಎಂದುಕೊಂಡವರಿಗೆ ಎರಡು ಜೋಡಿ ಅಭ್ಯಾಸ. ಬೇಸ್ ವಾದಕ ಚಾರ್ಲ್ಸ್ ಮಿಂಗಸ್ ಅವರ ‘ಫೇಬಲ್ಸ್ ಆಫ್ ಫಾಬಸ್’ 1959ರ ಕೊಲಂಬಿಯಾ ಆಲ್ಬಮ್ಮಿನಲ್ಲಿ ಪದಗಳಿಲ್ಲದೆ ಬಂತು, 1960ರಲ್ಲಿ ಕ್ಯಾಂಡಿಡ್ ಎಂಬ ಪುಟ್ಟ ಕಂಪನಿಗೆ ಪದಗಳೊಂದಿಗೆ ಬಂತು. ಅಮೆರಿಕದ ಆರ್ಕನ್ಸಾ ರಾಜ್ಯದ ಲಿಟ್ಲ್ ರಾಕ್‌ನ ಶಾಲೆಗೆ ಕಪ್ಪು ಮಕ್ಕಳು ಕಾಲಿಡದಂತೆ 1957ರಲ್ಲಿ ಸೈನಿಕರನ್ನು ನಿಲ್ಲಿಸಿದ ರಾಜ್ಯಪಾಲನ ಹೆಸರೇ ಅದರ ಶೀರ್ಷಿಕೆಯಲ್ಲಿರುವುದು. ಮೊದಲು ಪದವಿಲ್ಲದ್ದನ್ನು, ಆಮೇಲೆ ಪದವಿರುವುದನ್ನು ಕೇಳಿ, ಮತ್ತೆ ಪದವಿಲ್ಲದ್ದಕ್ಕೆ ಮರಳಿ. ಮೂರನೇ ಸಲ ಅದೇ ತುತ್ತೂರಿಗಳ ಅಣಕ ಬೇರೆಯಾಗಿ ಕೇಳಿಸುತ್ತದೆ. ಇನ್ನೊಂದು ಗಾಯಕಿ ಬಿಲ್ಲಿ ಹಾಲಿಡೇ ಅವರದು. ಮರಕ್ಕೆ ನೇತುಹಾಕಿ ಕೊಂದ ಕಪ್ಪು ಜನರ ಬಗೆಗಿನ ‘ಸ್ಟ್ರೇಂಜ್ ಫ್ರೂಟ್’ ಹಾಡನ್ನು ಅವರ ಕಂಪನಿ ಕೊಲಂಬಿಯಾ ಮುದ್ರಿಸಲು ಒಪ್ಪದ ಕಾರಣ 1939ರಲ್ಲಿ ಕಮೋಡೋರ್ ಎಂಬ ಚಿಕ್ಕ ಸಂಸ್ಥೆಗೆ ಹಾಡಿದರು. ಅವರ ಯಾವುದಾದರೂ ಪ್ರೇಮಗೀತೆಯ ಪಕ್ಕದಲ್ಲಿಟ್ಟು ಇದನ್ನು ಕೇಳಿ. ದೊಡ್ಡ ಸ್ಥಾಯಿ ವಿಸ್ತಾರದ ಕಂಠವಲ್ಲ. ಪದವನ್ನು ಬಡಿತಕ್ಕಿಂತ ಎಷ್ಟು ತಡವಾಗಿ ಇಡಬೇಕು ಎಂಬ ತೂಕದಲ್ಲೇ ಅವರ ದೊಡ್ಡಸ್ತಿಕೆ. ‘ಕೈಂಡ್ ಆಫ್ ಬ್ಲೂ’ ಬಿಡುಗಡೆಯಾದ 1959ರ ಆಗಸ್ಟ್ ತಿಂಗಳಲ್ಲೇ, ತಾನು ನುಡಿಸುತ್ತಿದ್ದ ಬರ್ಡ್‌ಲ್ಯಾಂಡ್ ಕ್ಲಬ್ಬಿನ ಬಾಗಿಲಲ್ಲಿ ನಿಂತಿದ್ದ ಡೇವಿಸ್ ಅವರ ತಲೆಗೆ ಪೊಲೀಸರು ರಕ್ತ ಬರುವಂತೆ ಹೊಡೆದರು. ಆ ಆಲ್ಬಮ್ಮನ್ನು ಬರೀ ‘ಶಾಂತ’ ಎಂದು ಕರೆಯುವ ಮೊದಲು ಇದನ್ನೂ ನೆನಪಿಡಬೇಕು.

ವೇಗದವರ ಬಳಿಗೆ

ಬೀಬಾಪ್ ಎಂಬ ವೇಗದ ಶೈಲಿಯ ಆಲ್ಟೋ ಸ್ಯಾಕ್ಸ್ ವಾದಕ ಚಾರ್ಲಿ ಪಾರ್ಕರ್ ಅವರನ್ನು ಕೇಳಲು ಹೊರಟವರು ‘ಕೋ-ಕೋ’ದಿಂದ ಶುರುಮಾಡಿ ಉಸಿರು ಕಟ್ಟಿ ನಿಲ್ಲಿಸುತ್ತಾರೆ. ಅದೇ ದಿನ, 1945ರ ನವೆಂಬರ್ 26ರಂದು ಮುದ್ರಿಸಿದ ‘ನೌಸ್ ದ ಟೈಮ್’ ಸಾದಾ ಹನ್ನೆರಡು ಬಾರ್ ಬ್ಲೂಸ್. ಅಲ್ಲಿಂದ ಹೊರಡಿ. ‘ಕೋ-ಕೋ’ ‘ಚೆರೋಕಿ’ ಎಂಬ ಹಾಡಿನ ಕಾರ್ಡ್‌ಗಳ ಮೇಲೆ ಕಟ್ಟಿದ್ದು, ಸುತ್ತು 64 ಬಾರ್. ಹಳೆಯ ಹಾಡಿನ ಕಾರ್ಡ್ ಉಳಿಸಿಕೊಂಡು ಹೊಸ ರಾಗ ಬರೆಯುವ ಈ ಪದ್ಧತಿಗೆ ಹಣದ ಕಾರಣವೂ ಇತ್ತು: ಹಕ್ಕುಸ್ವಾಮ್ಯ ರಾಗಕ್ಕೆ, ಕಾರ್ಡ್‌ಗಳ ಸಾಲಿಗಲ್ಲ. ಈ ಶೈಲಿ ಒಮ್ಮೆಲೇ ಆಕಾಶದಿಂದ ಉದುರಿದಂತೆ ಕಾಣುವುದಕ್ಕೂ ಕಾರಣವಿದೆ. 1942ರ ಆಗಸ್ಟ್‌ನಿಂದ ವಾದ್ಯಗಾರರ ಸಂಘ ಧ್ವನಿಮುದ್ರಣವನ್ನು ಬಹಿಷ್ಕರಿಸಿತ್ತು, ಅದು ಪೂರ್ತಿ ತೆರವಾದದ್ದು 1944ರ ನವೆಂಬರ್‌ನಲ್ಲಿ. ಬೀಬಾಪ್ ಬೆಳೆದ ವರ್ಷಗಳು ತಟ್ಟೆಗೆ ಇಳಿದದ್ದು ತೀರಾ ಕಡಿಮೆ.

ಪಾರ್ಕರ್ ಅವರ ಮರುಬಿಡುಗಡೆಗಳಲ್ಲಿ ಒಂದೇ ತುಣುಕಿನ ನಾಲ್ಕೈದು ಪ್ರಯತ್ನಗಳನ್ನು ಸಾಲಾಗಿ ಇಟ್ಟಿರುತ್ತಾರೆ, ನಡುವೆ ನಿಂತುಹೋದವೂ ಸೇರಿ. ಮೊದಲು ಅಂತಿಮವಾಗಿ ಆರಿಸಿದ್ದನ್ನು ಮಾತ್ರ ಬೇರೆ ಪಟ್ಟಿ ಮಾಡಿಕೊಳ್ಳಿ. ಉಳಿದವು ಆರು ತಿಂಗಳ ನಂತರ ಚಿನ್ನ, ಈಗ ಬೇಸರ.

ವೇಗದ ತುಣುಕಿಗೆ ನಾಲ್ಕೂ ಬಡಿತ ಎಣಿಸಬೇಡಿ, ಒಂದು ಮತ್ತು ಮೂರು ಸಾಕು. ಎರಡು ಟೆನರ್ ಸ್ಯಾಕ್ಸ್‌ಗಳನ್ನು ಬೇರೆ ಮಾಡುವ ಅಭ್ಯಾಸಕ್ಕೆ 1956ರ ‘ಟೆನರ್ ಮ್ಯಾಡ್ನೆಸ್’ ಇದೆ. ರೋಲಿನ್ಸ್ ಮತ್ತು ಕೋಲ್ಟ್ರೇನ್ ಒಟ್ಟಿಗೆ ಸ್ಟುಡಿಯೋದಲ್ಲಿ ನುಡಿಸಿದ್ದು ಅದೊಂದೇ, ಅದೂ ಹನ್ನೆರಡು ಬಾರ್ ಬ್ಲೂಸ್, ಬೇಸ್ ಮತ್ತೆ ಚೇಂಬರ್ಸ್. ತೆಳ್ಳಗೆ, ಚೂಪಾಗಿ, ತುರ್ತಿನಲ್ಲಿ ಬರುವುದು ಕೋಲ್ಟ್ರೇನ್. ದಪ್ಪ, ದುಂಡು ದನಿಯಲ್ಲಿ ನಿರಾಳವಾಗಿ ಬರುವುದು ರೋಲಿನ್ಸ್. ಕೊನೆಯ ಕಡೆ ಇಬ್ಬರೂ ನಾಲ್ಕು ನಾಲ್ಕು ಬಾರ್ ಹಂಚಿಕೊಂಡು ಸವಾಲು-ಜವಾಬು ಮಾಡುತ್ತಾರೆ, ಮೃದಂಗ-ಘಟಗಳ ಕೊರಪ್ಪಿನ ಹಾಗೆ. ಗೆಣ್ಣಿನ ಒಂದು ಸಾಲು ಒಬ್ಬರಿಗೆ, ಮುಂದಿನದು ಇನ್ನೊಬ್ಬರಿಗೆ.

ಬೆಸ ತಾಳಕ್ಕೆ ಆಸೆಯಿದ್ದರೆ 1959ರ ‘ಟೇಕ್ ಫೈವ್’. ರಚನೆ ಪಾಲ್ ಡೆಸ್ಮಂಡ್ ಅವರದು, ಹೆಸರು ಮಾತ್ರ ತಂಡದ ನಾಯಕ, ಪಿಯಾನೋ ವಾದಕ ಡೇವ್ ಬ್ರೂಬೆಕ್ ಅವರಿಗೆ ಅಂಟಿಕೊಂಡಿದೆ. ಐದು ಬಡಿತ ಎಂದ ಕೂಡಲೇ ಖಂಡಛಾಪು ಹಾಕಿದರೆ ತಪ್ಪುತ್ತದೆ. ನಮ್ಮದು ಎರಡು-ಮೂರು, ಅದು ಮೂರು-ಎರಡು.

ಟಿಪ್ಪಣಿ

ಪ್ರತಿ ಧ್ವನಿಮುದ್ರಣಕ್ಕೆ ನೋಟ್‌ಬುಕ್ಕಿನಲ್ಲಿ ಅರ್ಧ ಪುಟ. ಮುದ್ರಿಸಿದ ದಿನ, ನುಡಿಸಿದವರು, ಸುತ್ತು ಎಷ್ಟು ಬಾರ್, ಯಾರಿಗೆ ಎಷ್ಟು ಸುತ್ತು. ಆಮೇಲೆ ಒಂದೇ ಒಂದು ಜಾಗ, ನಿಮಿಷ-ಸೆಕೆಂಡಿನ ಸಮೇತ: ಅಲ್ಲಿ ಏನಾಯಿತು, ಎಷ್ಟನೇ ಗೆಣ್ಣಿನಲ್ಲಿ ಆಯಿತು. ‘ಅದ್ಭುತ’, ‘ಆತ್ಮವಿದೆ’ ಎಂಬ ಪದಗಳನ್ನು ಮೊದಲ ಇಪ್ಪತ್ತು ಟಿಪ್ಪಣಿಗಳಲ್ಲಿ ಬಳಸಬೇಡಿ. ಮೆಚ್ಚದಿದ್ದರೆ ಅದನ್ನೂ ಜಾಗ ತೋರಿಸಿಯೇ ಬರೆಯಿರಿ. ಮುಂದೆ ಏನು ಕೇಳಬೇಕು ಎಂಬುದಕ್ಕೆ ಪಟ್ಟಿ ಹುಡುಕುವ ಬದಲು ನಾಯಕನ ಹಿಂದೆ ನಿಂತವರ ಹೆಸರು ಹಿಡಿಯಿರಿ. ಚೇಂಬರ್ಸ್ ಒಬ್ಬರ ಹಿಂದೆ ಹೋದರೆ ಕೋಲ್ಟ್ರೇನ್ ಅವರ ‘ಬ್ಲೂ ಟ್ರೇನ್’, ‘ಜೈಂಟ್ ಸ್ಟೆಪ್ಸ್’ ಎರಡೂ ಸಿಗುತ್ತವೆ.

ಇಷ್ಟಾದ ಮೇಲೆ ಮನೆಯ ಹತ್ತಿರದ ಎರಡು ಆಲ್ಬಮ್. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದೊಂದಿಗೆ ಅಮೆರಿಕದ ಸ್ಯಾಕ್ಸ್ ವಾದಕ ಚಾರ್ಲಿ ಮೇರಿಯಾನೋ ಮಾಡಿದ ‘ಜ್ಯೋತಿ’ ಇಸಿಎಂ ಕಂಪನಿಯಿಂದ 1983ರಲ್ಲಿ ಬಂತು, ಟಿ.ಎ.ಎಸ್. ಮಣಿ ಅವರ ಮೃದಂಗ, ಆರ್.ಎ. ರಮಾಮಣಿ ಅವರ ಗಾಯನ. ಇಲ್ಲಿ ಹನ್ನೆರಡು ಗೆಣ್ಣಿನ ಲೆಕ್ಕ ನಡೆಯದು, ತಾಳವನ್ನೇ ಹಾಕಿ. ನಾಗಸ್ವರವನ್ನೂ ಕಲಿತಿದ್ದ ಮೇರಿಯಾನೋ ಸ್ವರವನ್ನು ಎಲ್ಲಿ ಬಾಗಿಸುತ್ತಾರೆ, ಎಲ್ಲಿ ನೇರ ಇಡುತ್ತಾರೆ ಎಂದು ಗುರುತು ಹಾಕಿಕೊಳ್ಳಿ. ಎರಡನೆಯದು 2008ರ ‘ಕಿನ್ಸ್‌ಮೆನ್’: ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥ್ ಮತ್ತು ಅಮೆರಿಕದ ರುದ್ರೇಶ್ ಮಹಂತಪ್ಪ, ಇಬ್ಬರದೂ ಆಲ್ಟೋ ಸ್ಯಾಕ್ಸ್. ಒಂದು ಸಲ ಮೃದಂಗ ಹಿಡಿದು ತಾಳ ಹಾಕುತ್ತ ಕೇಳಿ, ಇನ್ನೊಂದು ಸಲ ಡ್ರಮ್ಸ್ ಹಿಡಿದು. ಯಾರದು ಯಾವ ಸ್ಯಾಕ್ಸ್ ಎಂದು ಗೊಂದಲವಾದರೆ ಸ್ವರದ ಶುರುವನ್ನಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ಗಮನಿಸಿ. ಜಾರಿ ಸೇರುವುದು ಕದ್ರಿ, ಮೆಟ್ಟಿಲು ಹತ್ತಿದಂತೆ ಬಿಡಿಸಿ ಹೋಗುವುದು ಹೆಚ್ಚಾಗಿ ಮಹಂತಪ್ಪ.